ಸೆರುಲಿನ್ ಕೊಟ್ಟರೂ ಅಮೈಲೇಸ್ ಏರುತ್ತಿಲ್ಲ, ಎಲ್ಲಿ ತಪ್ಪಿದೆ?

ತೊಗರಿಕಣಜ, ಕಲಬುರಗಿ
ಎಂ.ಫಾರ್ಮ್ ಪ್ರಾಜೆಕ್ಟ್. ಸ್ವಿಸ್ ಇಲಿಗಳಿಗೆ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ದಿಢೀರ್ ಉರಿಯೂತ) ಬರಿಸಿ, ಒಂದು ಗಿಡದ ಸಾರ ಕೊಟ್ಟು ನೋಡಬೇಕು. ಎಥಿಕ್ಸ್ ಕಮಿಟಿ ಒಪ್ಪಿದೆ. ಆ ಕಾಯಿಲೆ ಬರಿಸುವ ಸೆರುಲಿನ್ ಕೆಜಿಗೆ 50 ಮೈಕ್ರೋಗ್ರಾಂ, ಹೊಟ್ಟೆಯೊಳಗೆ, ಗಂಟೆಗೊಂದರಂತೆ 7 ಇಂಜೆಕ್ಷನ್. ಕೊನೆಯದಾದ ಒಂದು ಗಂಟೆಗೆ ರಕ್ತ ತೆಗೆದೆ. ಗ್ರಂಥಿ ಕಣ್ಣಿಗೇ ಕಾಣುವಷ್ಟು ಊದಿದೆ. ಈ ಕಾಯಿಲೆಯಲ್ಲಿ ರಕ್ತದಲ್ಲಿ ಏರಬೇಕಾದ ಕಿಣ್ವ ಅಮೈಲೇಸ್ ಮಾತ್ರ, ಬರೀ ಸಲೈನ್ (ಉಪ್ಪುನೀರು) ಕೊಟ್ಟ ಗುಂಪಿನಷ್ಟೇ! ಸೆರುಲಿನ್ ಕೆಟ್ಟಿರಬಹುದಾ? ಬಿಸಿಲು 42 ಡಿಗ್ರಿ, ಅದರಲ್ಲಿ ಅರ್ಧ ದಿನ ಕರೆಂಟ್ ಇರಲಿಲ್ಲ. ಹೊಸ ವಯಲ್‌ಗೆ ಎಷ್ಟು ರೊಕ್ಕ ಅಂತ ಕೇಳಿ ನನಗೇ ಹೊಟ್ಟೆನೋವು ಬಂತು.

ಭೀಮಾತೀರ, ಯಾದಗಿರಿ
ಸೆರುಲಿನ್ ಒಂದು ಪೆಪ್ಟೈಡ್ (ಪ್ರೋಟೀನಿನಂಥದೇ ಪುಟ್ಟ ಸರಪಳಿ). ಕರಗಿಸಿಟ್ಟದ್ದು ಬಿಸಿ ತಡೆಯುವುದಿಲ್ಲ. ಹೊಸದು ತರಿಸಿ.

ಬಿದ್ರಿಕಪ್ಪು, ಬೀದರ್
ಸ್ವಲ್ಪ ತಡೀರಿ, ಸುಮ್ನೆ ರೊಕ್ಕ ಸುರಿಯಬೇಡಿ. ಸೆರುಲಿನ್ ಸತ್ತಿದ್ದರೆ ಗ್ರಂಥಿ ಊದುತ್ತಿರಲಿಲ್ಲ ಅಲ್ವಾ? ತಪ್ಪು ಇಲಿಯಲ್ಲಿಲ್ಲ, ಅಳತೆಯಲ್ಲಿದೆ. ರಕ್ತ ಯಾವ ಬಣ್ಣದ ಮುಚ್ಚಳದ ಟ್ಯೂಬಿಗೆ ಹಾಕಿದಿರಿ? ಸ್ಯಾಂಪಲ್ ತೆಳು ಮಾಡಿದಿರಾ?

ತೊಗರಿಕಣಜ
ನೇರಳೆ. ಲ್ಯಾಬಿನಲ್ಲಿ ಅದೇ ಇತ್ತು. ತೆಳು ಮಾಡಿಲ್ಲ.

ಬಿದ್ರಿಕಪ್ಪು
ಸಿಕ್ಕಿಬಿತ್ತು ನೋಡಿ. ನೇರಳೆ ಅಂದರೆ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಟ್ಯೂಬು. ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ, ಕ್ಯಾಲ್ಸಿಯಂ ಇಲ್ಲದೆ ಅಮೈಲೇಸ್ ಕೈಕಟ್ಟಿ ಕೂರುತ್ತದೆ. ಕೆಂಪು ಮುಚ್ಚಳದ ಟ್ಯೂಬಿನ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಬಳಸಿ, ಹೆಪಾರಿನ್ ಹಾಕಿದ ಟ್ಯೂಬು ಆದರೂ ಪರವಾಗಿಲ್ಲ.

ಇನ್ನೊಂದು ಕಾಟ ಅಮೈಲೇಸ್ ಅಳೆಯುವ ಕಿಟ್‌ದು. ಅದನ್ನು ಮಾಡಿದ್ದು ಮನುಷ್ಯರ ರಕ್ತಕ್ಕೆ. ನಮ್ಮ ಅಮೈಲೇಸ್ ಲೀಟರಿಗೆ ನೂರು ಯೂನಿಟ್‌ನ ಆಸುಪಾಸು. ಇಲಿಗೆ ಆರೋಗ್ಯವಾಗಿದ್ದಾಗಲೇ ಸಾವಿರ ದಾಟಿರುತ್ತದೆ. ಕಾಯಿಲೆ ಬಂದರೆ ಕಿಟ್‌ನ ಸಬ್‌ಸ್ಟ್ರೇಟ್ (ಅಮೈಲೇಸ್ ಒಡೆಯುವ ವಸ್ತು) ಕ್ಷಣದಲ್ಲಿ ಖಾಲಿ, ಮೀಟರ್ ಕಡಿಮೆ ತೋರಿಸುತ್ತದೆ. ಸಲೈನ್‌ನಲ್ಲಿ 10 ಪಟ್ಟು ಒಮ್ಮೆ, 20 ಪಟ್ಟು ಒಮ್ಮೆ ತೆಳು ಮಾಡಿ ಓದಿ. ಗುಣಿಸಿದ ಮೇಲೆ ಎರಡೂ ಒಂದೇ ಬಂದರೆ ಸರಿ. ಬರದಿದ್ದರೆ ಇನ್ನೂ ತೆಳು ಮಾಡಿ.

ಗ್ರಂಥಿಯನ್ನು ತಕ್ಷಣ ಫಾರ್ಮಲಿನ್‌ಗೆ ಹಾಕಿದಿರಾ? ತಡವಾದರೆ ಅದು ತನ್ನನ್ನೇ ಜೀರ್ಣಿಸಿಕೊಳ್ಳುತ್ತದೆ. ಆಮೇಲೆ ಸ್ಲೈಡಿನಲ್ಲಿ ಕಾಣುವುದು ಕಾಯಿಲೆಯೋ ನಿಮ್ಮ ಚಹಾ ವಿರಾಮವೋ ಹೇಳಲಾಗದು.

ಹಾಗೇ ಕೇಳುತ್ತೇನೆ, ಸಾರ ಯಾವಾಗ ಕೊಟ್ಟಿರಿ?

ತೊಗರಿಕಣಜ
ಫಾರ್ಮಲಿನ್‌ಗೆ ಕೂಡಲೇ ಹಾಕಿದ್ದೆ. ಸಾರ ಮೊದಲ ಇಂಜೆಕ್ಷನ್‌ಗೆ ಒಂದು ಗಂಟೆ ಮುಂಚೆ.

ಬಿದ್ರಿಕಪ್ಪು
ಅದು ತಡೆಯುವುದಾಯಿತು, ಚಿಕಿತ್ಸೆ ಅಲ್ಲ. ರೋಗಿ ಆಸ್ಪತ್ರೆಗೆ ಬರುವುದು ಹೊಟ್ಟೆ ಹಿಡಿದುಕೊಂಡ ಮೇಲೆ. ಇದೇ ಕಾಯಿಲೆಗೆ ಲೆಕ್ಸಿಪಾಫಾಂಟ್ ಎಂಬ ಔಷಧಿ ಪ್ರಾಣಿಗಳಲ್ಲಿ ಆಸೆ ಹುಟ್ಟಿಸಿ, ಮನುಷ್ಯರ ದೊಡ್ಡ ಟ್ರಯಲ್‌ನಲ್ಲಿ ಸೋತಿತು. ಎರಡು ಮೂರು ಇಂಜೆಕ್ಷನ್ ಆದ ಮೇಲೆ ಕೊಡುವ ಗುಂಪು ಒಂದಿರಲಿ. ಅದಕ್ಕೆ ಮೊದಲು ಕಮಿಟಿಯನ್ನು ಕೇಳಿ.

ತೊಗರಿಕಣಜ
ಕಮಿಟಿ ಒಪ್ಪಿತು, ಮತ್ತೆ ಮಾಡಿದೆ. ಹಳೇ ಸೆರುಲಿನ್, ಕೆಂಪು ಟ್ಯೂಬು, 20 ಪಟ್ಟು ತೆಳು. ಸಲೈನ್ ಗುಂಪು ಒಂದು ಕಡೆ, ಸೆರುಲಿನ್ ಗುಂಪು ಎಲ್ಲೋ ಮೇಲೆ. ಮುಂಚೆ ಸಾರ ಕೊಟ್ಟ ಇಲಿಗಳಲ್ಲಿ ಅಮೈಲೇಸ್ ಇಳಿದಿದೆ. ಆಮೇಲೆ ಕೊಟ್ಟವು ಸೆರುಲಿನ್ ಗುಂಪಿನ ಪಕ್ಕದಲ್ಲೇ ಕೂತಿವೆ. ಗೈಡ್‌ಗೆ ಇನ್ನೂ ತೋರಿಸಿಲ್ಲ.