ಫುಕೆಟ್‌ನಲ್ಲಿ ಬಾಡಿಗೆ ದೋಣಿ: ಹೋಗಿ ಬಂದವರು ಹೇಳಿ

ಹಾಸನದ ಪಯಣಿಗ: ಡಿಸೆಂಬರ್ ಕೊನೆಗೆ ಎರಡು ಸಂಸಾರ ಸೇರಿ ಥಾಯ್ಲೆಂಡಿನ ಫುಕೆಟ್‌ಗೆ ಹೊರಟಿದ್ದೇವೆ. ಇಬ್ಬರು ಮಕ್ಕಳು, ಜೊತೆಗೆ ನಮ್ಮಮ್ಮ. ಅಮ್ಮನಿಗೆ ಮಂಡಿನೋವು. ಗುಂಪಿನ ಟೂರ್ ಬೇಡ, ನಮ್ಮದೇ ದೋಣಿ ಹಿಡಿದು ದ್ವೀಪ ಒಂದು ಸುತ್ತು ಹಾಕೋಣ ಅಂತ ಆಸೆ. ಹಾಯಿದೋಣಿ ಒಳ್ಳೆಯದೋ, ಸ್ಪೀಡ್‌ಬೋಟೋ?

ಹಾಯಿ ಬಿಟ್ಟವ: ಕ್ಯಾಟಮರಾನ್ (ಜೋಡಿ ಒಡಲಿನ ಹಾಯಿದೋಣಿ) ಬಿಟ್ಟು ಬೇರೆ ಯೋಚನೆಯೇ ಬೇಡ. ನಾವು ನಲವತ್ತು ಅಡಿಯದನ್ನು ಒಂದು ವಾರಕ್ಕೆ ಹಿಡಿದೆವು. ಬಾಡಿಗೆ 1,85,000 ಥಾಯ್ ಬಾತ್. ಸ್ಕಿಪ್ಪರ್‌ಗೆ (ದೋಣಿ ನಡೆಸುವವನಿಗೆ) ದಿನಕ್ಕೆ 5,500, ಅವನ ಊಟ ನಮ್ಮದೇ. ಡೀಸೆಲ್, ನೀರು ಸೇರಿ 9,200. ಠೇವಣಿ ಅಂತ ಕಾರ್ಡ್‌ನಲ್ಲಿ 80,000 ಬ್ಲಾಕ್. ದೋಣಿ ಒಪ್ಪಿಸುವಾಗ, ದಡಕ್ಕೆ ಹೋಗಿಬರುವ ಪುಟ್ಟ ರಬ್ಬರ್ ದೋಣಿಯ ತಳದಲ್ಲಿ ಗೀರು ಇದೆ ಅಂತ 11,000 ಮುರಿದುಕೊಂಡರು. ಆ ಗೀರು ನಾವು ಹತ್ತುವಾಗಲೇ ಇತ್ತು! ಫೋಟೋ ತೋರಿಸಿದರೆ "ಅದು ಬೇರೆ, ಇದು ಬೇರೆ" ಅಂದರು. ಆದರೂ ಬೇಜಾರಿಲ್ಲ. ಫಾಂಗ್‌ನಾ ಕೊಲ್ಲಿಯಲ್ಲಿ ಕೋ ಪನಾಕ್ ದ್ವೀಪದ ಹತ್ತಿರ ಲಂಗರು ಹಾಕಿ, ನೀರು ಇಳಿದ ಹೊತ್ತಿಗೆ ಕಯಾಕ್‌ನಲ್ಲಿ ಗುಹೆಯೊಳಗೆ ನುಗ್ಗಿದೆವು. ಪೂರ್ತಿ ಮಲಗಿಕೊಂಡೇ ಹೋಗಬೇಕು, ಮೂಗಿನ ಮೇಲೇ ಬಂಡೆ, ಬಾವಲಿ ವಾಸನೆ. ಆಚೆ ಬಂದರೆ ಸುತ್ತಲೂ ಸುಣ್ಣಕಲ್ಲಿನ ಗೋಡೆ, ಮೇಲೆ ಆಕಾಶ. ಸಂಜೆ ಟೂರ್ ದೋಣಿಗಳು ಹೋದ ಮೇಲೆ ಕೊಲ್ಲಿಗೆಲ್ಲ ನಾವೇ.

ಲೆಕ್ಕದ ಪುಸ್ತಕ: ಹತ್ತಿರ ಹತ್ತಿರ ಎರಡೂವರೆ ಲಕ್ಷ ಬಾತ್ ಸುರಿದು "ಬೇಜಾರಿಲ್ಲ" ಅಂತೆ! ನಾವು ಖಾಸಗಿ ಸ್ಪೀಡ್‌ಬೋಟ್ ಹಿಡಿದದ್ದು ದಿನಕ್ಕೆ 28,000ಕ್ಕೆ. ಬೆಳಿಗ್ಗೆ ಹೊರಟರೆ ಸಂಜೆ ಹೋಟೆಲ್ ಹಾಸಿಗೆ. ರಾಷ್ಟ್ರೀಯ ಉದ್ಯಾನದ ಟಿಕೆಟ್ ಬೇರೆ. ಫಿ ಫಿ ದ್ವೀಪಗಳಲ್ಲಿ ವಿದೇಶಿಯರಿಗೆ ತಲೆಗೆ 400, ಮಕ್ಕಳಿಗೆ 200. ಅಲ್ಲಿನ ಮಾಯಾ ಬೇ ಕೊಲ್ಲಿಯ ಒಳಕ್ಕೆ ದೋಣಿಯನ್ನೇ ಬಿಡಲ್ಲ. 2018ರಲ್ಲಿ ಮುಚ್ಚಿದ್ದನ್ನು 2022ರಲ್ಲಿ ತೆರೆದಾಗಿನಿಂದ ಹಿಂದುಗಡೆ ಲೋ ಸಮಾ ಕೊಲ್ಲಿಯಲ್ಲಿ ಇಳಿದು ನಡೆಯಬೇಕು. ಟವೆಲ್‌ಗೆ ದುಡ್ಡು, ಸ್ನಾರ್ಕೆಲ್‌ಗೆ ದುಡ್ಡು. ಕೊನೆಗೆ "ಪೆಟ್ರೋಲ್ ಜಾಸ್ತಿ ಆಯ್ತು" ಅಂತ ದೋಣಿಯವ 3,000 ಕೇಳಿದ. ಕೊಡಲ್ಲ ಅಂದೆ. ಜೆಟ್ಟಿ ಮೇಲೆ ಮುಕ್ಕಾಲು ಗಂಟೆ ಜಗಳ. ಅಷ್ಟರಲ್ಲಿ ನನ್ನ ಹೆಂಡತಿ ಪರ್ಸ್ ತೆಗೆದು ಕೊಟ್ಟೇಬಿಟ್ಟಳು. ಗೆಲ್ಲುತ್ತಿದ್ದೆ ನಾನು!

ಕುಂದಾಪ್ರದ ಮಾಣಿ: ಒಂದು ಸುತ್ತು ಹಾಕೋಣ ಅಂತೀರಲ್ಲ, ಹಾಯಿದೋಣಿಯಲ್ಲಿ ಅದು ಆಗುವುದೇ ಇಲ್ಲ ಮಾರಾಯ್ರೆ. ದ್ವೀಪದ ಉತ್ತರ ತುದಿಯಲ್ಲಿ ಸಾರಸಿನ್ ಸೇತುವೆ ಇದೆ. ಎತ್ತರದ ಹಾಯಿಕಂಬ ಅದರ ಅಡಿ ಹಾಯುವುದಿಲ್ಲ. ದಕ್ಷಿಣದ ಪ್ರೋಂಥೆಪ್ ಮೂಲೆ ಬಳಸಿ ಹೋಗಬೇಕು, ಅದೇ ದಾರಿಯಲ್ಲಿ ಬರಬೇಕು. ಡಿಸೆಂಬರ್ ಆದ್ದರಿಂದ ಬಚಾವ್. ಈಶಾನ್ಯ ಗಾಳಿ, ಪಶ್ಚಿಮದ ಕಡೆ ಕಡಲು ಸುಮ್ನೆ ಇರುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಯಾಂತ್ರಿಕ ದೋಣಿ ಇಳಿಸುವ ಹಾಗಿಲ್ಲ. ಆಗ ಅಲ್ಲೂ ಅದೇ ನೈಋತ್ಯ ಮಳೆಗಾಲ. 2018ರ ಜುಲೈನಲ್ಲಿ ಫುಕೆಟ್ ಹತ್ತಿರ ಟೂರ್ ದೋಣಿ ಮುಳುಗಿ 47 ಜನ ಸತ್ತದ್ದು ನೆನಪಿದೆಯಾ? ಇನ್ನೊಂದು, ರಾತ್ರಿ ಹಸಿರು ದೀಪ ಕಂಡರೆ ಅದು ಬೊಂಡಾಸ್ (ಸ್ಕ್ವಿಡ್) ಹಿಡಿಯುವವರು. ದೂರ ಇರಿ. ನಮ್ಮ ಪ್ರೊಪೆಲ್ಲರ್‌ಗೆ ಬಲೆ ಸುತ್ತಿಕೊಂಡು, ಬಾಯಲ್ಲಿ ಟಾರ್ಚ್ ಕಚ್ಚಿ ನಾನೇ ಮುಳುಗಿ ಕತ್ತರಿಸಿದ್ದು.

ಹಾಯಿ ಬಿಟ್ಟವ: ಪೂರ್ತಿ ಸುತ್ತಿದೆ ಅಂತ ನಾನೆಲ್ಲಿ ಹೇಳಿದೆ?

ಲೆಕ್ಕದ ಪುಸ್ತಕ: ಸ್ಪೀಡ್‌ಬೋಟ್ ಸೇತುವೆ ಅಡಿ ಆರಾಮಾಗಿ ಹೋಗುತ್ತೆ.

ಕುಂದಾಪ್ರದ ಮಾಣಿ: ಅಲ್ಲಿ ಆಳ ಕಮ್ಮಿ, ಸೆಳೆತ ಜೋರು. ಉಬ್ಬರ ನೋಡದೆ ಹೋಗಿ ಆಮೇಲೆ ಹೇಳಿ.

ಸಿಂಗಪುರದ ಗೃಹಿಣಿ: ಊಟದ ವಿಷಯ ಯಾರೂ ಎತ್ತಿಲ್ಲ! ಬರೀ "ವೆಜ್" ಅಂದರೆ ಮೀನಿನ ಸಾಸ್ ಬಿದ್ದೇ ಬೀಳುತ್ತೆ. "ಜೇ" ಅಂತ ಕೇಳಿ, ಹಳದಿ ಬಾವುಟದ ಅಂಗಡಿ ನೋಡಿ. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಕೂಡ ಇರಲ್ಲ. ನಾನು ರವೆ, ಎಂಟಿಆರ್ ಪ್ಯಾಕೆಟ್, ಪುಟ್ಟ ಬಾಣಲೆ ಎಲ್ಲ ಹೊತ್ತುಕೊಂಡು ಹೋಗಿದ್ದೆ. ಎರಡನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಅದೇ ಬಾಣಲೆಯಲ್ಲಿ ಸ್ಕಿಪ್ಪರ್ ಮೀನು ಹುರಿಯುತ್ತಿದ್ದಾನೆ. ಆಮೇಲೆ ದಡ ಸೇರುವವರೆಗೆ ಬಾಳೆಹಣ್ಣು, ಬ್ರೆಡ್ಡು.

ಕುಂದಾಪ್ರದ ಮಾಣಿ: ಕಡಲಿಗೆ ಹೋಗಿ ಮೀನು ಅಂತ ಮೂಗು ಮುಚ್ಚಿಕೊಳ್ಳುವುದಾದರೆ ಮನೆಯಲ್ಲೇ ಇರಬಹುದಿತ್ತಲ್ಲ ಅಕ್ಕ?

ಸಿಂಗಪುರದ ಗೃಹಿಣಿ: ಮೀನು ತಿನ್ನಬೇಡ ಅಂದೆನಾ? ನನ್ನ ಬಾಣಲೆ ಮುಟ್ಟಬೇಡ ಅಂದೆ. ದುಡ್ಡು ಕೊಟ್ಟವರು ನಾವು.

ಹಾಸನದ ಪಯಣಿಗ: ಎಲ್ಲರಿಗೂ ಥ್ಯಾಂಕ್ಸ್. ಅಮ್ಮನ ಮಂಡಿ ಬಗ್ಗೆ ಯಾರಾದರೂ...?

ಸಿಂಗಪುರದ ಗೃಹಿಣಿ: ಕ್ಯಾಟಮರಾನ್‌ಗೆ ಹಿಂದುಗಡೆ ನೀರಿನ ಮಟ್ಟದವರೆಗೆ ಅಗಲ ಮೆಟ್ಟಿಲು ಇರುತ್ತೆ, ಅಷ್ಟು ಕಷ್ಟ ಇಲ್ಲ. ರಬ್ಬರ್ ದೋಣಿಯಿಂದ ಮರಳಿಗೆ ಇಳಿಯುವಾಗ ಮಾತ್ರ ಇಬ್ಬರು ಹಿಡಿದುಕೊಳ್ಳಿ. ಸ್ಪೀಡ್‌ಬೋಟ್ ಅಲೆ ಮೇಲೆ ಎತ್ತಿ ಎತ್ತಿ ಹಾಕುತ್ತೆ. ಮಂಡಿ ಉಳಿದರೂ ಸೊಂಟ ಉಳಿಯಲ್ಲ.

ಲೆಕ್ಕದ ಪುಸ್ತಕ: ನಮ್ಮತ್ತೆಗೆ 72. ಸ್ಪೀಡ್‌ಬೋಟ್‌ನಲ್ಲೇ ಬಂದರು, ಹಿಂದಿನ ಸೀಟಲ್ಲಿ ಕೂತು ನಿದ್ದೆ ಹೊಡೆದರು. ಕ್ಯಾಟಮರಾನ್ ದುಡ್ಡಿಗೆ ಎರಡೂ ಮಂಡಿ ಆಪರೇಷನ್ ಮಾಡಿಸಬಹುದು.

ಹಾಯಿ ಬಿಟ್ಟವ: ಮೂರು ಸಾವಿರಕ್ಕೆ ಜೆಟ್ಟಿ ಮೇಲೆ ಕಿರುಚಾಡಿದವರು ನನಗೆ ಲೆಕ್ಕ ಹೇಳಿಕೊಡ್ತಾರೆ.

ಲೆಕ್ಕದ ಪುಸ್ತಕ: ಗೀರಿಗೆ ಹನ್ನೊಂದು ಸಾವಿರ ಕೊಟ್ಟವರು ಮಾತಾಡಬೇಡಿ ಸ್ವಾಮಿ.