ಹೊಸ ಟ್ರಾಲರ್ ಯಾಟ್ ಬೆಚ್ಚಿದಂತೆ ಓಲಾಡುತ್ತಿದೆ: ತಳಕ್ಕೆ ಇನ್ನೂ ಭಾರ ಹಾಕಿಸಬಹುದೇ?

ಪ್ರಶ್ನೆ: ಉಡುಪಿಯ ನಿವೃತ್ತ ಬ್ಯಾಂಕ್ ಅಧಿಕಾರಿ

ಎಲ್ಲರಿಗೂ ನಮಸ್ಕಾರ. ನಿವೃತ್ತಿಯ ನಂತರ ಮಳೆಗಾಲದ ನಾಲ್ಕು ತಿಂಗಳು ಮನೆಯಲ್ಲಿದ್ದು, ಉಳಿದ ಎಂಟು ತಿಂಗಳು ನೀರಿನ ಮೇಲೆಯೇ ವಾಸಿಸಬೇಕೆಂಬುದು ನನ್ನ ಮತ್ತು ನನ್ನ ಪತ್ನಿಯ ಬಹುದಿನದ ಆಸೆ. ಅದಕ್ಕಾಗಿ ನಮ್ಮ ಕರಾವಳಿಯ ಒಂದು ಯಾರ್ಡಿನಲ್ಲಿ ಟ್ರಾಲರ್ ಮಾದರಿಯ ಯಾಟ್ ಒಂದನ್ನು ಕಟ್ಟಿಸಿದ್ದೇವೆ. ಉಕ್ಕಿನ ಒಡಲು, ಉದ್ದ 14.5 ಮೀಟರ್, ಅಗಲ 4.8 ಮೀಟರ್, ನೀರಿನೊಳಗಿನ ಆಳ 1.6 ಮೀಟರ್, ಒಟ್ಟು ತೂಕ ಸುಮಾರು 28 ಟನ್, ಒಂದೇ ಡೀಸೆಲ್ ಎಂಜಿನ್. ಯಾರ್ಡಿನವರು ವರ್ಷಗಳಿಂದ ಟ್ರಾಲ್‌ಬೋಟುಗಳನ್ನು ಕಟ್ಟುತ್ತಾ ಬಂದವರಾದ್ದರಿಂದ ಅದೇ ಒಡಲಿನ ನಕ್ಷೆಯನ್ನು ಬಳಸಿ, ಮೀನು ತುಂಬುವ ಹೋಲ್ಡ್ ಇರಬೇಕಾದ ಜಾಗದಲ್ಲಿ ಎರಡು ಮಲಗುವ ಕೋಣೆಗಳನ್ನು ಮಾಡಿದ್ದಾರೆ. ಮೀನು ಮತ್ತು ಐಸ್‌ನ ಭಾರಕ್ಕೆ ಬದಲಾಗಿ, ಒಡಲಿನ ತಳದ ಬೆನ್ನೆಲುಬಾದ ಕೀಲ್‌ನ ಉದ್ದಕ್ಕೂ ಕಬ್ಬಿಣ ತುಂಬಿದ ಸಿಮೆಂಟ್ ಅಚ್ಚುಗಳನ್ನು, ಒಟ್ಟು 5 ಟನ್, ಜೋಡಿಸಿದ್ದಾರೆ.

ಕಳೆದ ವಾರ ಮಲ್ಪೆಯಿಂದ ಕಾಪು ದೀಪಸ್ತಂಭದವರೆಗೆ ಮೊದಲ ಪರೀಕ್ಷಾ ಯಾನ ಮಾಡಿದೆವು. ಪಶ್ಚಿಮದಿಂದ ಬರುತ್ತಿದ್ದ ಅಲೆಗಳು ಒಂದು ಮೀಟರ್ ಎತ್ತರವೂ ಇರಲಿಲ್ಲ. ಆದರೆ ದಕ್ಷಿಣಕ್ಕೆ ಮುಖ ಮಾಡಿ ಅಲೆಗಳನ್ನು ಬಲಮಗ್ಗುಲಿಗೆ ಪಡೆದ ಕೂಡಲೇ ಬೋಟು ಬೆಚ್ಚಿಬಿದ್ದಂತೆ ಓಲಾಡತೊಡಗಿತು. ವಾಲುವ ಕೋನ ದೊಡ್ಡದಲ್ಲ. ಪ್ರತಿ ಸಲ ವಾಲಿದಾಗಲೂ ಯಾರೋ ಹಗ್ಗ ಕಟ್ಟಿ ಜಗ್ಗಿ ಹಿಂದಕ್ಕೆ ಎಳೆದಂತೆ ಭಾಸವಾಗುತ್ತಿತ್ತು. ಅಡುಗೆಮನೆಯ ಪಾತ್ರೆಗಳು ಕಟಕಟೆಯನ್ನು ದಾಟಿ ನೆಲಕ್ಕೆ ಬಿದ್ದವು, ನನ್ನ ಪತ್ನಿ ಎರಡೂ ಕೈಗಳಲ್ಲಿ ಕಂಬ ಹಿಡಿದೇ ನಿಂತಿದ್ದಳು. ಬೋಟು ಹಗುರವಾಗಿದೆ, ಕೀಲ್‌ನ ಮೇಲೆ ಇನ್ನೂ 2 ಟನ್ ಹಾಕಿದರೆ ಸರಿಹೋಗುತ್ತದೆ ಎಂದು ಯಾರ್ಡಿನವರು ಹೇಳುತ್ತಿದ್ದಾರೆ. ಕೊನೆಯ ಕಂತಿನ ಹಣ ಇನ್ನೂ ನನ್ನ ಬಳಿಯೇ ಇದೆ. ಈ ಬೋಟು ಮಗುಚುವ ಸ್ವಭಾವದ್ದೇ? ಯಾರ್ಡಿನವರ ಸಲಹೆಗೆ ಒಪ್ಪಬಹುದೇ? ಕುಡಿಯುವ ನೀರಿನ ಟ್ಯಾಂಕ್ ಅರ್ಧ ಖಾಲಿಯಾದಾಗ ಓಲಾಟ ತುಸು ಮೆತ್ತಗಾದಂತೆ ತೋರಿತು; ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಮಲ್ಪೆಯ ಹಿರಿಯ ತಾಂಡೇಲ

ನಲವತ್ತು ವರ್ಷ ಬೋಟು ನಡೆಸುವ ತಾಂಡೇಲನಾಗಿ ಕಳೆದ ಅನುಭವದಿಂದ ಹೇಳುತ್ತೇನೆ. ಖಾಲಿ ಬೋಟು ಬಂದರು ಬಿಟ್ಟು ಹೊರಡುವಾಗ ಹೀಗೆಯೇ ಎಗರಾಡುತ್ತದೆ. ಅದೇ ಬೋಟು ಹೋಲ್ಡ್ ತುಂಬಿಕೊಂಡು ಮರಳುವಾಗ ತೊಟ್ಟಿಲಿನಂತೆ ತೂಗುತ್ತದೆ. ಆದ್ದರಿಂದ ಭಾರ ಬೇಕು ಎಂಬ ಮಾತು ನನಗೆ ಸರಿಯೆಂದೇ ತೋರುತ್ತದೆ. ಟ್ಯಾಂಕ್ ಅರ್ಧ ಇದ್ದಾಗ ಹಿತವೆನಿಸಿದರೆ ಅರ್ಧವೇ ಇಟ್ಟುಕೊಳ್ಳಿ ಸಾರ್, ಅದರಲ್ಲೇನು ನಷ್ಟ?

ಉತ್ತರ: ಮಂಗಳೂರಿನ ನಿವೃತ್ತ ಹಡಗು ವಿನ್ಯಾಸಕಾರ

ಮಾನ್ಯರೇ, ಅಳತೆ ಮಾಡುವ ಮುನ್ನ ದಯವಿಟ್ಟು ಒಂದು ಕಿಲೋ ಭಾರವನ್ನೂ ಸೇರಿಸಬೇಡಿ, ತೆಗೆಯಲೂ ಬೇಡಿ. ತಾವು ವರ್ಣಿಸಿರುವುದು ಮಗುಚುವ ಬೋಟಿನ ಲಕ್ಷಣವಲ್ಲ, ಅದಕ್ಕೆ ತದ್ವಿರುದ್ಧವಾದ ಲಕ್ಷಣ. ವಾಲಿದ ಬೋಟನ್ನು ನೆಟ್ಟಗೆ ನಿಲ್ಲಿಸುವ ಬಲವು ಅದರ ಗುರುತ್ವ ಕೇಂದ್ರಕ್ಕೂ ಮೆಟಾಸೆಂಟರ್ ಎಂಬ ಬಿಂದುವಿಗೂ (ವಾಲಿದ ಬೋಟನ್ನು ನೀರು ಮೇಲಕ್ಕೆ ಒತ್ತುವ ಗೆರೆಯು ಬೋಟಿನ ನಡುಗೆರೆಯನ್ನು ಸಂಧಿಸುವ ಜಾಗ) ನಡುವಿನ ಅಂತರವನ್ನು ಅವಲಂಬಿಸಿದೆ. ಇದನ್ನೇ ನಾವು ಜಿಎಂ ಎನ್ನುತ್ತೇವೆ. ಜಿಎಂ ಹೆಚ್ಚಾದಷ್ಟೂ ಬೋಟು ಗಡುಸಾಗಿ, ವಾಲಿದ ಕ್ಷಣವೇ ಜಗ್ಗಿ ಹಿಂದಿರುಗುತ್ತದೆ. ಜಿಎಂ ಕಡಿಮೆಯಾದ ಬೋಟು ನಿಧಾನವಾಗಿ ವಾಲಿ, ಮರಳಲು ಮನಸ್ಸಿಲ್ಲದಂತೆ ಅಂಚಿನಲ್ಲಿ ತುಸು ನಿಂತು, ಆಮೇಲೆ ಹಿಂದೆ ಬರುತ್ತದೆ. ಅನುಭವವಿಲ್ಲದವರಿಗೆ ಎರಡನೆಯದೇ ಸುಖವೆನಿಸುತ್ತದೆ, ಆದರೆ ಸಮುದ್ರದಲ್ಲಿ ಹೆದರಬೇಕಾದದ್ದು ಅದಕ್ಕೇ.

ತಾಂಡೇಲರು ಕಂಡದ್ದು ಸತ್ಯ, ಆದರೆ ಅದರ ಕಾರಣ ಬೇರೆ. ಹೋಲ್ಡಿನಲ್ಲಿ ಮೀನು ಮತ್ತು ಐಸ್ ತಳದಿಂದ ಡೆಕ್ಕಿನವರೆಗೆ ತುಂಬಿಕೊಳ್ಳುವುದರಿಂದ ಆ ಭಾರದ ನಡುಬಿಂದು ಬೋಟಿನ ಸ್ವಂತ ಗುರುತ್ವ ಕೇಂದ್ರದ ಹತ್ತಿರವೇ ಇರುತ್ತದೆ. ಜೊತೆಗೆ ಬೋಟು ನೀರಿನಲ್ಲಿ ಆಳಕ್ಕಿಳಿದು ಮೆಟಾಸೆಂಟರ್ ಕೆಳಗೆ ಬರುತ್ತದೆ. ಹೀಗೆ ಜಿಎಂ ತಗ್ಗಿ ಬೋಟು ತೊಟ್ಟಿಲಾಗುತ್ತದೆ. ತಮ್ಮ ಯಾರ್ಡಿನವರು ಹಾಕಿದ 5 ಟನ್ ಕೀಲ್‌ನ ಮೇಲೆಯೇ ಕುಳಿತು ಗುರುತ್ವ ಕೇಂದ್ರವನ್ನು ಕೆಳಕ್ಕೆ ಎಳೆದಿದೆ. ಅದಲ್ಲದೆ ಟ್ರಾಲ್‌ಬೋಟಿನ ವಿಂಚ್, ಬಲೆ ಎಳೆಯುವ ಕಬ್ಬಿಣದ ಚೌಕಟ್ಟು, ಕಂಬ, ಹಗ್ಗ, ಬಲೆ ಎಲ್ಲವೂ ತಮ್ಮ ಯಾಟ್‌ನಲ್ಲಿ ಇಲ್ಲ. ಎಂದರೆ ಡೆಕ್ಕಿನ ಮೇಲಿನ ಭಾರವೂ ಹೋಯಿತು. ಈಗ ಇನ್ನೂ 2 ಟನ್ ಕೆಳಗೆ ಹಾಕಿದರೆ ಜಗ್ಗುವ ಬಲ ಇನ್ನಷ್ಟು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಊಹೆಗಿಂತ ಅಳತೆ ಮೇಲು. ಗಾಳಿ ಇಲ್ಲದ ಬೆಳಗ್ಗೆ ಬಂದರಿನ ಒಳಗೆ, ಕೀಲ್‌ನ ಕೆಳಗೆ ಸಾಕಷ್ಟು ನೀರಿರುವ ಜಾಗದಲ್ಲಿ, ಕಟ್ಟಿದ ಹಗ್ಗಗಳನ್ನು ಪೂರ್ತಿ ಸಡಿಲಿಸಿ ಬಿಡಿ. ಟ್ಯಾಂಕುಗಳು ಪೂರ್ತಿ ತುಂಬಿರಲಿ ಅಥವಾ ಪೂರ್ತಿ ಖಾಲಿ ಇರಲಿ. ನಾಲ್ಕೈದು ಜನ ಒಂದು ಅಂಚಿನಲ್ಲಿ ನಿಂತು, ಬೋಟಿನ ತಾಳಕ್ಕೆ ಸರಿಯಾಗಿ ಭಾರ ಹಾಕಿ ಎತ್ತಿ ಅದನ್ನು ತೂಗಾಡುವಂತೆ ಮಾಡಿ, ಆಮೇಲೆ ಡೆಕ್ಕಿನ ನಡುವೆ ಅಲುಗಾಡದೆ ನಿಲ್ಲಲಿ. ಎಡತುದಿಯಿಂದ ಬಲತುದಿಗೆ ಹೋಗಿ ಮತ್ತೆ ಎಡತುದಿಗೆ ಬಂದರೆ ಒಂದು ಸುತ್ತು. ಐದು ಸುತ್ತುಗಳಿಗೆ ಎಷ್ಟು ಸೆಕೆಂಡು ಬೇಕಾಯಿತೆಂದು ಮೂರು ಬಾರಿ ಅಳೆದು ಇಲ್ಲಿ ಬರೆಯಿರಿ. ನೀರಿನ ಟ್ಯಾಂಕಿನ ಉದ್ದಗಲಗಳನ್ನೂ ತಿಳಿಸಿ.

ಪ್ರಶ್ನೆ ಕೇಳಿದವರು, ಐದು ದಿನಗಳ ನಂತರ

ತಾವು ಹೇಳಿದಂತೆಯೇ ಅಳೆದೆವು. ಟ್ಯಾಂಕ್ ಪೂರ್ತಿ ತುಂಬಿದ್ದಾಗ ಐದು ಸುತ್ತುಗಳಿಗೆ ಮೂರು ಬಾರಿಯೂ 16 ಸೆಕೆಂಡು. ಅರ್ಧ ಇದ್ದಾಗ 17 ಸೆಕೆಂಡು. ಟ್ಯಾಂಕ್ 1 ಮೀಟರ್ ಉದ್ದ, 3.6 ಮೀಟರ್ ಅಗಲ, 60 ಸೆಂಟಿಮೀಟರ್ ಎತ್ತರವಿದ್ದು, ಬೋಟಿನ ಅಡ್ಡಕ್ಕೆ ಮಲಗಿದೆ. ಒಳಗೆ ಯಾವ ಅಡ್ಡಗೋಡೆಯೂ ಇಲ್ಲವೆಂದು ಯಾರ್ಡಿನವರು ತಿಳಿಸಿದ್ದಾರೆ.

ಉತ್ತರ: ಮಂಗಳೂರಿನ ನಿವೃತ್ತ ಹಡಗು ವಿನ್ಯಾಸಕಾರ

ಒಂದು ಸುತ್ತಿಗೆ 3.2 ಸೆಕೆಂಡು ಎಂದಾಯಿತು. ಅಗಲವನ್ನು 0.8ರಿಂದ ಗುಣಿಸಿ, ಸುತ್ತಿನ ಅವಧಿಯಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿದರೆ ಜಿಎಂ ಸುಮಾರಾಗಿ ಸಿಗುತ್ತದೆ. 4.8ನ್ನು 0.8ರಿಂದ ಗುಣಿಸಿದರೆ 3.84, ಅದನ್ನು 3.2ರಿಂದ ಭಾಗಿಸಿದರೆ 1.2, ಅದರ ವರ್ಗ 1.44 ಮೀಟರ್. 1977ರ ಟೊರೆಮೊಲಿನೋಸ್ ಒಪ್ಪಂದವು 24 ಮೀಟರ್ ಮತ್ತು ಅದಕ್ಕಿಂತ ಉದ್ದದ ಒಂದೇ ಡೆಕ್ಕಿನ ಮೀನುಗಾರಿಕಾ ಹಡಗುಗಳಿಗೆ ಕನಿಷ್ಠ 0.35 ಮೀಟರ್ ಜಿಎಂ ಇರಬೇಕೆಂದು ಹೇಳುತ್ತದೆ. ತಮ್ಮದು ಚಿಕ್ಕ ಬೋಟು, ಆ ನಿಯಮ ಇದಕ್ಕೆ ನೇರವಾಗಿ ಅನ್ವಯಿಸದು; ಆದರೂ ಅದರ ನಾಲ್ಕು ಪಟ್ಟು ಇದೆ ಎಂಬುದರಿಂದ ತಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಗುತ್ತದೆ. ವಾಸಕ್ಕೆ ಹಿತವಾದ ಓಲಾಟದ ಅವಧಿಯು, ಸೆಕೆಂಡುಗಳ ಲೆಕ್ಕದಲ್ಲಿ, ಅಗಲದ ಮೀಟರುಗಳಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು ಇರಬೇಕೆಂಬುದು ನಮ್ಮ ವೃತ್ತಿಯ ಒರಟು ಲೆಕ್ಕ. ಆ ಪ್ರಕಾರ ತಮಗೆ 4.8 ಸೆಕೆಂಡು ಬೇಕು. ಒಂದೇ ಕೋನಕ್ಕೆ ವಾಲಿದರೂ 3.2 ಸೆಕೆಂಡಿನ ಬೋಟಿನಲ್ಲಿ ಮೈಮೇಲೆ ಬೀಳುವ ಜಗ್ಗು 4.8 ಸೆಕೆಂಡಿನ ಬೋಟಿನದಕ್ಕಿಂತ 2.25 ಪಟ್ಟು. ಪಾತ್ರೆಗಳು ಏಕೆ ಹಾರಿದವು ಎಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ಆ 5 ಟನ್ನನ್ನು ಎತ್ತಿ ಹೊರಗೆ ಹಾಕಿದರೆ ಮುಗಿಯಿತೇ ಎಂದು ತಾವು ಕೇಳಬಹುದು. ಇಲ್ಲ, ಇಲ್ಲಿಯೇ ಅನೇಕರು ಎಡವುತ್ತಾರೆ. ಭಾರ ತೆಗೆದರೆ ಬೋಟು ಮೇಲೇಳುತ್ತದೆ. ನೀರಿನ ಮಟ್ಟದಲ್ಲಿ ಒಡಲಿನ ಅಗಲ ಹೆಚ್ಚುಕಡಿಮೆ ಹಾಗೆಯೇ ಉಳಿದು, ಅದು ಹೊರುವ ತೂಕ ಮಾತ್ರ ತಗ್ಗುವುದರಿಂದ ಮೆಟಾಸೆಂಟರ್ ಇನ್ನೂ ಮೇಲಕ್ಕೆ ಹೋಗುತ್ತದೆ, ಗಡುಸುತನ ಹೆಚ್ಚಾದರೂ ಆಶ್ಚರ್ಯವಿಲ್ಲ. ತೂಕ ಬೋಟಿನಲ್ಲೇ ಇರಬೇಕು, ಜಾಗ ಬದಲಾಗಬೇಕು. ಅಚ್ಚುಗಳು ಬಿಡಿಬಿಡಿಯಾಗಿರುವುದು ತಮ್ಮ ಪುಣ್ಯ. ಸಿಮೆಂಟನ್ನು ನೇರವಾಗಿ ಉಕ್ಕಿನ ಮೇಲೆ ಸುರಿದಿದ್ದರೆ, ಅದರಡಿ ತೇವ ನಿಂತು ತಗಡು ಕೊಳೆಯುವುದು ಕಣ್ಣಿಗೇ ಬೀಳುತ್ತಿರಲಿಲ್ಲ. ಅವುಗಳಲ್ಲಿ 3 ಟನ್ನನ್ನು ಕೀಲ್‌ನಿಂದ ಒಂದು ಮೀಟರ್ ಮೇಲಕ್ಕೆ, ಎರಡೂ ಮಗ್ಗುಲುಗಳ ಗೋಡೆಗೆ ತಾಗುವಂತೆ ಸಮವಾಗಿ ಹಂಚಿ, ಉಕ್ಕಿನ ಪಟ್ಟಿಗಳಿಂದ ಕದಲದಂತೆ ಬಿಗಿಯಿರಿ. ಮೇಲಕ್ಕೆ ತಂದದ್ದರಿಂದ ಜಿಎಂ ತಗ್ಗುತ್ತದೆ. ಮಗ್ಗುಲಿಗೆ ಸರಿಸಿದ್ದರಿಂದ, ಭಾರವಾದ ಬೀಸುಗಾಲಿ ತಿರುಗಲು ತಡಮಾಡುವಂತೆ, ಬೋಟು ಓಲಾಡಲು ತಡಮಾಡುತ್ತದೆ.

ಅದೇ ಕಾರಣಕ್ಕೆ ಕಂಬವೂ ಬೇಕು. ಹಾಯಿಹಡಗು ಬಿರುಗಾಳಿಗೆ ಕಂಬವನ್ನು ಕಳೆದುಕೊಂಡರೆ ಅದರ ಓಲಾಟ ತಟ್ಟನೆ ಚುರುಕಾಗುತ್ತದೆ. ಎತ್ತರದಲ್ಲಿರುವ ಸ್ವಲ್ಪವೇ ಭಾರಕ್ಕೂ ಅಷ್ಟು ಮಹತ್ತ್ವವಿದೆ. ಸುಮಾರು 400 ಕಿಲೋ ತೂಗುವ ಕಂಬ ಮತ್ತು ಎರಡು ತೋಳುಗಳನ್ನು ನಿಲ್ಲಿಸಿದರೆ, ಆ ತೋಳುಗಳಿಂದ ಪ್ಯಾರವೇನ್‌ಗಳನ್ನು ಇಳಿಬಿಡಬಹುದು. ನೀರಿನೊಳಗೆ ನಾಲ್ಕೈದು ಮೀಟರ್ ಆಳದಲ್ಲಿ ಬೋಟಿನ ಎರಡೂ ಪಕ್ಕ ಸಾಗುವ ಈ ಲೋಹದ ರೆಕ್ಕೆಗಳು, ಬೋಟು ಒಂದು ಕಡೆಗೆ ವಾಲಿದಾಗ ಇನ್ನೊಂದು ಕಡೆಯದನ್ನು ಮೇಲೇಳಗೊಡದೆ ಹಿಡಿಯುತ್ತವೆ. ಅಮೆರಿಕದ ಯಾಟ್ ವಿನ್ಯಾಸಕಾರ ರಾಬರ್ಟ್ ಬೀಬಿ 1963ರಲ್ಲಿ ಸಿಂಗಾಪುರದಲ್ಲಿ ನೀರಿಗಿಳಿಸಿದ ‘ಪ್ಯಾಸೇಜ್‌ಮೇಕರ್’ ಎಂಬ ತಮ್ಮ 50 ಅಡಿಯ ಯಾಟ್‌ಗೆ ಇವನ್ನೇ ನಂಬಿಕೊಂಡಿದ್ದರು. ವೇಗದಲ್ಲಿ ಅರ್ಧದಿಂದ ಒಂದು ನಾಟ್ ನಷ್ಟವಾದೀತು. ಲಂಗರು ಹಾಕಿ ನಿಂತಾಗ ಅದೇ ತೋಳುಗಳಿಂದ ಅಗಲವಾದ ತಟ್ಟೆಗಳನ್ನು ತೂಗುಬಿಡಬಹುದು. ವಾಸಕ್ಕೆಂದು ಕಟ್ಟಿಸಿದ ಬೋಟು ಹೆಚ್ಚು ಕಾಲ ನಿಂತೇ ಇರುವುದರಿಂದ ಇದು ಮುಖ್ಯ.

ಇವುಗಳ ಜೊತೆಗೆ, ಓಲಾಟವನ್ನು ತಡೆಯುವ ಉದ್ದನೆಯ ರೆಕ್ಕೆಪಟ್ಟಿಗಳಾದ ಬಿಲ್ಜ್ ಕೀಲ್‌ಗಳನ್ನು ಹಾಕಿಸಿ. ಒಡಲು ಪಕ್ಕಕ್ಕೆ ತಿರುಗುವ ಬಾಗಿನಲ್ಲಿ, ನಡುವಿನ ಮೂರನೇ ಒಂದು ಭಾಗದುದ್ದಕ್ಕೂ ಇರಲಿ. ಬೋಟಿನ ಅಗಲವನ್ನಾಗಲಿ ಕೀಲ್‌ನ ಮಟ್ಟವನ್ನಾಗಲಿ ಮೀರಿ ಚಾಚದಿರಲಿ. ನೇರವಾಗಿ ಒಡಲಿಗೆ ಬೆಸೆಯದೆ, ನಡುವೆ ಇನ್ನೊಂದು ಪಟ್ಟಿಯ ತಗಡು ಕೊಟ್ಟು ಅದಕ್ಕೆ ಬೆಸೆಯಲಿ. ನಾಳೆ ದಿಬ್ಬಕ್ಕೆ ತಾಗಿದರೆ ರೆಕ್ಕೆ ಕಿತ್ತು ಹೋಗಬೇಕು, ಒಡಲು ಹರಿಯಬಾರದು.

ಟ್ಯಾಂಕಿನ ವಿಷಯ. ಅರ್ಧ ತುಂಬಿದ ನೀರು ಬೋಟು ವಾಲಿದ ಕಡೆಗೇ ಹರಿದು ಇನ್ನಷ್ಟು ವಾಲಿಸುವುದರಿಂದ ತಮಗೆ ಮೆತ್ತಗೆನಿಸಿದೆ. ಆ ಅಳತೆಯ ಟ್ಯಾಂಕಿನಿಂದ ಜಿಎಂ ಸುಮಾರು 14 ಸೆಂಟಿಮೀಟರ್ ಕುಸಿಯುತ್ತದೆ. ಇಂದು 1.44 ಮೀಟರಿನಲ್ಲಿ ಅದು ಅಪಾಯವಲ್ಲ, ಆದರೆ ತಾಂಡೇಲರ ಬಗ್ಗೆ ಪೂರ್ಣ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಹರಿದಾಡುವ ನೀರನ್ನು ಔಷಧಿಯಾಗಿ ಬಳಸಬೇಡಿ. ಬೋಟಿನ ಒಳತಳವಾದ ಬಿಲ್ಜಿಗೂ ನೀರು ನುಗ್ಗಿದ ದಿನ ಅದೇ ನೀರು ಶತ್ರುವಾಗುತ್ತದೆ. ಟ್ಯಾಂಕಿನ ನಡುವೆ ಉದ್ದಕ್ಕೆ ಒಂದು ನೀರು ದಾಟದ ಗೋಡೆ ಕಟ್ಟಿಸಿದರೆ ಆ ಕುಸಿತ ನಾಲ್ಕನೇ ಒಂದಕ್ಕೆ ಇಳಿಯುತ್ತದೆ.

ಕೊನೆಯದಾಗಿ, ಏನನ್ನೂ ಸರಿಸುವ ಮುನ್ನ ಯಾರ್ಡಿನವರಿಂದ ವಾಲಿಕೆ ಪರೀಕ್ಷೆಯನ್ನು ಮಾಡಿಸಿ. ನನ್ನ ಲೆಕ್ಕದ 0.8 ಒಂದು ಅಂದಾಜು ಮಾತ್ರ. 200 ಕಿಲೋ ಭಾರವನ್ನು ಡೆಕ್ಕಿನ ಅಡ್ಡಕ್ಕೆ 4 ಮೀಟರ್ ಸರಿಸಿದಾಗ 2 ಮೀಟರ್ ಉದ್ದದ ತೂಗುಗುಂಡು 4 ಸೆಂಟಿಮೀಟರಿನ ಆಸುಪಾಸು ಸರಿದರೆ ಅಂದಾಜು ಸರಿ.

ಉತ್ತರ: ಮಲ್ಪೆಯ ಹಿರಿಯ ತಾಂಡೇಲ

ವಿಂಚು, ಕಂಬ, ಬಲೆ ಇಲ್ಲ ಎಂಬುದು ನನಗೆ ಹೊಳೆದಿರಲಿಲ್ಲ, ಈಗ ಅರ್ಥವಾಯಿತು. ಬಲೆ ಎಳೆಯುವಾಗ ಬೋಟು ಓಲಾಡುವುದೇ ಇಲ್ಲ, ನೀರೊಳಗಿನ ಬಲೆಯೇ ಅದನ್ನು ಹಿಡಿದಿರುತ್ತದೆ. ಈ ಪ್ಯಾರವೇನ್ ಕೂಡ ಅದೇ ಕೆಲಸ ಮಾಡುತ್ತದೆಂದು ಕಾಣುತ್ತದೆ. ಎರಡು ಎಚ್ಚರಿಕೆಗಳನ್ನು ಹೇಳುತ್ತೇನೆ. ಅಳಿವೆ ಬಾಗಿಲಿನಲ್ಲಿ ನೀರು ಕಡಿಮೆ, ಮರಳಿನ ದಿಬ್ಬ ವರ್ಷಕ್ಕೊಂದು ಕಡೆ ಇರುತ್ತದೆ; ಒಳಗೆ ಬರುವ ಬಹಳ ಮುಂಚೆಯೇ ಎರಡನ್ನೂ ಮೇಲೆತ್ತಿಕೊಳ್ಳಿ. ರಾತ್ರಿ ಹೊತ್ತು ತೇಲುಬಲೆ ಬಿಟ್ಟಿರುವ ನೀರಿನಲ್ಲಿ ಅವನ್ನು ಇಳಿಸಲೇಬೇಡಿ. ಬಲೆ ಸಿಕ್ಕಿಕೊಂಡರೆ ತಮಗೂ ಕಷ್ಟ, ಬಲೆಯವನ ಒಂದು ತಿಂಗಳ ದುಡಿಮೆಯೂ ಹೋದೀತು.

ಪ್ರಶ್ನೆ ಕೇಳಿದವರು, ಮೂರು ತಿಂಗಳ ನಂತರ

ಇಬ್ಬರಿಗೂ ಹೃದಯಪೂರ್ವಕ ಕೃತಜ್ಞತೆಗಳು. ವಾಲಿಕೆ ಪರೀಕ್ಷೆಯಲ್ಲಿ ತೂಗುಗುಂಡು 4.1 ಸೆಂಟಿಮೀಟರ್ ಸರಿಯಿತು; ಲೆಕ್ಕ ಹಾಕಿದಾಗ ಜಿಎಂ 1.39 ಮೀಟರ್ ಬಂತು. ಆ ಕಾಗದವನ್ನು ನೋಡಿದ ಮೇಲೆ ಯಾರ್ಡಿನವರು ಹೆಚ್ಚುವರಿ ಭಾರದ ಮಾತನ್ನು ಬಿಟ್ಟು, ಬೋಟನ್ನು ಸ್ಲಿಪ್‌ವೇಗೆ ಏರಿಸಿ, ಅಚ್ಚುಗಳನ್ನು ಮಗ್ಗುಲಿಗೆ ಸರಿಸಿ ಬಿಗಿದರು. ಟ್ಯಾಂಕಿನ ನಡುಗೋಡೆ ಮತ್ತು ಬಿಲ್ಜ್ ಕೀಲ್‌ಗಳ ಕೆಲಸವೂ ಆಗಲೇ ಆಯಿತು. ಕಂಬ ಮತ್ತು ತೋಳುಗಳ ಖರ್ಚನ್ನು ನಾನು ಕೊಟ್ಟೆ, ಉಳಿದ ಕೂಲಿಯನ್ನು ಅವರೇ ಭರಿಸಿದರು.

ಐದು ಸುತ್ತುಗಳಿಗೆ ಈಗ 18 ಸೆಕೆಂಡು ಬೇಕಾಗುತ್ತದೆ. ಎಂದರೆ ಅವಧಿ 3.6 ಸೆಕೆಂಡು, 4.8 ಇನ್ನೂ ದೂರವೇ ಇದೆ, ಅಗಲವಾದ ಈ ಒಡಲಿನಲ್ಲಿ ಅಲ್ಲಿಗೆ ಮುಟ್ಟುವುದು ಸಾಧ್ಯವಿಲ್ಲವೆಂದು ವಿನ್ಯಾಸಕಾರರು ಫೋನಿನಲ್ಲಿ ವಿವರಿಸಿದರು. ಆದರೆ ಬಿಲ್ಜ್ ಕೀಲ್‌ಗಳಿಂದಾಗಿ ಎಬ್ಬಿಸಿದ ಓಲಾಟ ಮೂರನೆಯ ಸುತ್ತಿಗೇ ಬಹುಪಾಲು ತಗ್ಗಿಬಿಡುತ್ತದೆ. ಮೊನ್ನೆ ಅದೇ ಕಾಪು ದಾರಿಯಲ್ಲಿ, ಅಂಥದೇ ಅಲೆಗಳಲ್ಲಿ ಪ್ಯಾರವೇನ್‌ಗಳನ್ನು ಇಳಿಸಿ ಸಾಗಿದಾಗ ನನ್ನ ಪತ್ನಿ ಒಲೆಯ ಮುಂದೆ ನಿಂತು ನೀರುದೋಸೆ ಹೊಯ್ದಳು. ಹಿಟ್ಟಿನ ಪಾತ್ರೆ ಇಟ್ಟಲ್ಲಿಯೇ ಇತ್ತು. ಅಳಿವೆಗೆ ಎರಡು ಕಿಲೋಮೀಟರ್ ಇರುವಾಗಲೇ ತಾಂಡೇಲರ ಮಾತಿನಂತೆ ಎರಡನ್ನೂ ಮೇಲೆತ್ತಿದೆವು. ಒಬ್ಬನೇ ಎತ್ತಲು ನನ್ನ ತೋಳಿನಲ್ಲಿ ಈಗಿನ ಶಕ್ತಿ ಹತ್ತು ವರ್ಷದ ಮೇಲೆ ಇರದು, ಆದ್ದರಿಂದ ಕೈಯಿಂದ ತಿರುಗಿಸುವ ಸಣ್ಣ ವಿಂಚೊಂದನ್ನು ಪ್ರತಿ ತೋಳಿಗೂ ಹಾಕಿಸುತ್ತಿದ್ದೇನೆ. ಕೊನೆಯ ಕಂತನ್ನು ಶನಿವಾರ ಪಾವತಿಸಿದೆ.