2 ಜಿಬಿ ರಾಸ್ಪ್‌ಬೆರಿ ಪೈನಲ್ಲಿ ಎಲ್‌ಎಲ್‌ವಿಎಂ ಬಿಲ್ಡ್ ಅರ್ಧಕ್ಕೇ ನಿಂತೋಗ್ತಿದೆ, ಏನ್ ಮಾಡ್ಲಿ?

ಪ್ರಶ್ನೆ:
ನಮಸ್ಕಾರ ಎಲ್ಲರಿಗೂ. ನನ್ನ ಹತ್ರ ಇರೋದು ರಾಸ್ಪ್‌ಬೆರಿ ಪೈ 4, 2 ಜಿಬಿ ರ‍್ಯಾಮ್, 64 ಬಿಟ್ ಓಎಸ್. ಎಲ್‌ಎಲ್‌ವಿಎಂ, ಕ್ಲ್ಯಾಂಗ್ (ಅಂದ್ರೆ ಕಂಪೈಲರ್ ಕಟ್ಟೋಕೆ ಬಳಸೋ ಲೈಬ್ರರಿಗಳು, ಅದ್ರ ಮೇಲೆ ಮಾಡಿರೋ ಸಿ/ಸಿ++ ಕಂಪೈಲರ್) ಎರಡರ ಸೋರ್ಸೂ ಇಳಿಸ್ಕೊಂಡು ಸಿಮೇಕ್ (ಬಿಲ್ಡ್ ಸಜ್ಜು ಮಾಡೋ ಟೂಲ್) ಮಾಡಿ ನಿಂಜಾ (ಬಿಲ್ಡ್ ಓಡಿಸೋ ಟೂಲ್) ಕೊಟ್ಟೆ, ಸ್ವಲ್ಪ ಹೊತ್ತು ಚೆನ್ನಾಗೇ ಓಡತ್ತೆ, ಆಮೇಲೆ ಬೋರ್ಡು ಪೂರ್ತಿ ಸ್ತಬ್ಧ, ಎಸ್‌ಎಸ್‌ಎಚ್ ಕೂಡ ಬರಲ್ಲ, ಕೊನೆಗೆ "ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್ ಪ್ರೋಗ್ರಾಂ ಸಿಸಿ1ಪ್ಲಸ್" ಅಂತ ಬರತ್ತೆ. ಸೋರ್ಸಲ್ಲೇ ಏನಾದ್ರೂ ತಪ್ಪಿದ್ಯಾ, ಇಲ್ಲ ಈ ಬೋರ್ಡಲ್ಲಿ ಆಗೋ ಕೆಲಸವೇ ಅಲ್ವಾ? ಬೇರೆ ಕಂಪ್ಯೂಟರ್ ಇಲ್ಲ.

ಉತ್ತರ 1:
ಸೋರ್ಸಲ್ಲಿ ತಪ್ಪಿಲ್ಲ. ಮೆಮೊರಿ ಖಾಲಿಯಾಗಿ ಕರ್ನಲ್ಲೇ ಕಂಪೈಲರ್‌ನ ಕೊಲ್ತಿದೆ, ಡಿಮೆಸೇಜ್ (dmesg, ಕರ್ನಲ್ ಸಂದೇಶ ತೋರ್ಸೋ ಕಮಾಂಡ್) ಕೊಟ್ಟು ನೋಡಿ, ಔಟ್ ಆಫ್ ಮೆಮೊರಿ ಅಂತ ಸಿಗತ್ತೆ. ನಿಂಜಾಗೆ ಸಂಖ್ಯೆ ಹೇಳ್ದೇ ಇದ್ರೆ ಅದು ಕೋರ್‌ಗಿಂತ ಎರಡು ಜಾಸ್ತಿ ಜಾಬ್ (ಒಟ್ಟಿಗೇ ಓಡೋ ಕೆಲಸ) ಹಾಕತ್ತೆ, ಅಂದ್ರೆ ನಿಮ್ಮ 4 ಕೋರ್‌ಗೆ 6. 2 ಜಿಬಿನ ಆರು ಪಾಲು ಮಾಡಿದ್ರೆ ಒಂದೊಂದಕ್ಕೆ 350 ಎಂಬಿನೂ ಬರಲ್ಲ, ಕ್ಲ್ಯಾಂಗ್‌ನ ದೊಡ್ಡ ಸಿ++ ಫೈಲ್‌ಗಳಿಗೆ ಅದು ಎಲ್ಲಿ ಸಾಕಾಗತ್ತೆ ಹೇಳಿ. ನಿಂಜಾಗೆ ಜೆ 2 (-j2, ಅಂದ್ರೆ ಒಂದ್ಸಲಕ್ಕೆ ಎರಡೇ ಜಾಬ್) ಕೊಡಿ, ಅದ್ರಲ್ಲೂ ಸತ್ರೆ ಜೆ 1. ಬಿಲ್ಡ್ ಫೋಲ್ಡರ್ ಮಾತ್ರ ದಯವಿಟ್ಟು ಅಳಿಸ್ಬೇಡಿ, ಮತ್ತೆ ನಿಂಜಾ ಕೊಟ್ರೆ ಆಗಿರೋದನ್ನ ಬಿಟ್ಟು ಉಳಿದಿದ್ದಷ್ಟೇ ಮಾಡತ್ತೆ.

ಉತ್ತರ 2:
ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಕಂಪೈಲ್ ದಾಟಿದ್ರೂ ಲಿಂಕ್ ಮಾಡೋವಾಗ (ಕಂಪೈಲಾದ ತುಂಡುಗಳನ್ನ ಒಂದು ಪ್ರೋಗ್ರಾಂ ಆಗಿ ಸೇರ್ಸೋವಾಗ) ಮತ್ತೆ ಸಿಕ್ಕಾಕೋತೀರ, ನಿಜವಾದ ತೊಂದ್ರೆ ಇರೋದೇ ಅಲ್ಲಿ. ಬಿಲ್ಡ್ ಟೈಪ್ ರಿಲೀಸ್ ಇರ್ಲಿ, ಡೀಬಗ್ ಇದ್ರೆ ಲಿಂಕರ್ ಅಷ್ಟೂ ಡೀಬಗ್ ಮಾಹಿತಿ ಹೊತ್ಕೊಂಡು ಹಲವು ಜಿಬಿ ಕೇಳತ್ತೆ, ಡಿಸ್ಕಲ್ಲೂ 15-20 ಜಿಬಿ ಹೋಗತ್ತೆ. ಸಿಮೇಕಲ್ಲಿ ಪ್ಯಾರಲಲ್ ಲಿಂಕ್ ಜಾಬ್ಸ್ ಅನ್ನೋ ಆಪ್ಷನ್ನಿಗೆ 1 ಕೊಡಿ, ಇದು ನಿಂಜಾ ಜೊತೆ ಮಾತ್ರ ಕೆಲಸ ಮಾಡತ್ತೆ. ಲಿಂಕರ್ ಎಲ್‌ಎಲ್‌ಡಿ ಮಾಡ್ಕೊಳ್ಳಿ, ಓಎಸ್‌ನ ಪ್ಯಾಕೇಜ್ ಇನ್‌ಸ್ಟಾಲರ್ ಎಪಿಟಿಯಲ್ಲೇ (apt) ಸಿಗತ್ತೆ. ಟಾರ್ಗೆಟ್ಸ್ ಟು ಬಿಲ್ಡ್ ಅನ್ನೋದಕ್ಕೆ ಎಆರ್ಚ್64 (64 ಬಿಟ್ ಆರ್ಮ್, ನಿಮ್ಮ ಪೈ ಪ್ರೊಸೆಸರ್ ಥರದ್ದು) ಒಂದನ್ನೇ ಹಾಕಿ, ಏನೂ ಹೇಳ್ದಿದ್ರೆ ಎಕ್ಸ್86, ಮಿಪ್ಸ್, ಪವರ್‌ಪಿಸಿ ಅಂತ ಎಲ್ಲಾ ಪ್ರೊಸೆಸರ್‌ದೂ ಕಟ್ತಾ ಕೂರತ್ತೆ, ಪಾಪ ಆ ಪುಟ್ಟ ಬೋರ್ಡಿಗೆ ಅದೆಲ್ಲ ಯಾಕೆ.

ಸ್ವಾಪ್ (ರ‍್ಯಾಮ್ ಸಾಲ್ದಾಗ ಡಿಸ್ಕಲ್ಲಿ ಬಳಸೋ ಜಾಗ) ಬೇಕೇ ಬೇಕು, ಆದ್ರೆ ಎಸ್‌ಡಿ ಕಾರ್ಡ್ ಮೇಲೆ ಬೇಡ, ತುಂಬಾ ನಿಧಾನ, ಬರೆದು ಬರೆದು ಕಾರ್ಡೂ ಸವೆಯತ್ತೆ. ಯುಎಸ್‌ಬಿ 3 ಪೋರ್ಟಿಗೆ ಒಂದು ಎಸ್‌ಎಸ್‌ಡಿ ಹಾಕಿ ಅದ್ರಲ್ಲಿ ಇಡಿ, ಜೊತೆಗೆ ಝಡ್‌ರ‍್ಯಾಮ್ (ರ‍್ಯಾಮಲ್ಲೇ ಡೇಟಾ ಕುಗ್ಗಿಸಿ ಇಡೋದು) ಆನ್ ಮಾಡಿ.

ಉತ್ತರ 3:
ಒಂದು ಕೇಳ್ತೀನಿ, ನಿಮಗೆ ಎಲ್‌ಎಲ್‌ವಿಎಂ ಸೋರ್ಸಿಂದ ಯಾಕೆ ಬೇಕು? ಸ್ವಂತ ಆಪ್ಟಿಮೈಸೇಶನ್ ಪಾಸ್ (ಕೋಡನ್ನ ಚುರುಕು ಮಾಡೋ ಒಂದು ಹಂತ) ಬರೆಯೋದಾದ್ರೆ ಇಡೀ ಬಿಲ್ಡೇ ಬೇಡ, ಎಲ್‌ಎಲ್‌ವಿಎಂ ಡೆವ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ ಪಾಸನ್ನ ಪ್ಲಗಿನ್ ಥರ ಕಟ್ಕೊಂಡು ಎಲ್‌ಎಲ್‌ವಿಎಂನ ಆಪ್ಟ್ (opt) ಅನ್ನೋ ಟೂಲಿಗೆ ಲೋಡ್ ಮಾಡ್ಬಹುದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಪಾಸ್ ಅಲ್ಲ, ಎಆರ್ಚ್64 ಬ್ಯಾಕೆಂಡಲ್ಲೇ (ಆ ಪ್ರೊಸೆಸರಿಗೆ ಇನ್‌ಸ್ಟ್ರಕ್ಷನ್ ಹೊರಡ್ಸೋ ಭಾಗ) ಸ್ವಲ್ಪ ಬದಲಾಯಿಸಿ ಯಾವ ಇನ್‌ಸ್ಟ್ರಕ್ಷನ್ ಬರತ್ತೆ ಅಂತ ನೋಡಿ ಕಲೀಬೇಕು, ಅದಕ್ಕೇ ಸೋರ್ಸು.

ಉತ್ತರ 3:
ಓ ಹಾಗಾದ್ರೆ ಸೋರ್ಸ್ ಬೇಕು, ಆದ್ರೆ ಕ್ಲ್ಯಾಂಗ್ ಕಟ್ಟೋದು ಬೇಡ, ಭಾರ ಇರೋದೇ ಅದ್ರಲ್ಲಿ! ಬರೀ "ನಿಂಜಾ ಎಲ್‌ಎಲ್‌ಸಿ" ಅಂತ ಕೊಡಿ, ಎಲ್‌ಎಲ್‌ಸಿಗೆ ಬೇಕಾದಷ್ಟೇ ಕಟ್ಟತ್ತೆ, ಅದು ಬಿಟ್‌ಕೋಡನ್ನ (ಎಲ್‌ಎಲ್‌ವಿಎಂನ ಮಧ್ಯಂತರ ರೂಪ) ಪ್ರೊಸೆಸರ್ ಇನ್‌ಸ್ಟ್ರಕ್ಷನ್ ಮಾಡೋ ಟೂಲು. ಸಿ ಕೋಡಿಂದ ಬಿಟ್‌ಕೋಡ್ ಮಾಡೋಕೆ ಎಪಿಟಿಯಲ್ಲಿ ಬರೋ ಹಳೇ ಕ್ಲ್ಯಾಂಗ್ ಸಾಕು, ಹಳೇ ಬಿಟ್‌ಕೋಡನ್ನ ಹೊಸ ಎಲ್‌ಎಲ್‌ಸಿ ಓದತ್ತೆ. ಮೊದಲ್ನೇ ಸಲ ರಾತ್ರಿ ಮಲಗೋಕ್ ಮುಂಚೆ ಹಚ್ಚಿಡಿ, ಆಮೇಲೆ ಬ್ಯಾಕೆಂಡಲ್ಲಿ ಒಂದು ಸಿ++ ಫೈಲ್ ಬದಲಾಯಿಸಿದ್ರೆ ಅದೊಂದು ಫೈಲು, ಒಂದು ಲಿಂಕು ಅಷ್ಟೇ. ಟೇಬಲ್‌ಜೆನ್ ಫೈಲ್ (ಪ್ರೊಸೆಸರ್ ಇನ್‌ಸ್ಟ್ರಕ್ಷನ್‌ಗಳ ವಿವರಣೆ, ಇದ್ರಿಂದಲೇ ಸಿ++ ಕೋಡ್ ಹುಟ್ಟತ್ತೆ) ಮುಟ್ಟಿದ್ರೆ ಮಾತ್ರ ಬ್ಯಾಕೆಂಡ್ ಸುಮಾರು ಮತ್ತೆ ಕಂಪೈಲ್ ಆಗತ್ತೆ, ಆಗ ಜೆ 1 ಮರೀಬೇಡಿ.